ಕಾವೇರಿಗೆ ಐವತ್ತೆಂಟು ಡಿಗ್ರಿ ಜ್ವರ

“ಈ ದೀಪಾವಳಿಗೆ ನನ್ನ ಕಾವೇರಿಯ ಕೊರಳ ಹಾರಕ್ಕೆ ಕೈ ಹಾಕೋ ಗಂಡು ದೇವರಮನೆ ಊರಿನ ಸುತ್ತಮುತ್ತ ಹುಟ್ಟಿಲ್ಲ!” ಎಂದು ನಾನು ಸೌಟು ಎತ್ತಿ ಘೋಷಿಸಿಬಿಟ್ಟೆ. ಎರಡು ಸಾವಿರದ ಎಂಟನೇ ಇಸವಿಯ ಮಾತು. ಕೇಳಿಸಿಕೊಂಡವಳು ನನ್ನ ಜೊತೆಗೇ ಇರುವ ನಾದಿನಿ ರುಕ್ಮಿಣಮ್ಮ ಒಬ್ಬಳೇ.

“ಹೋದ ವರ್ಷವೂ ಹಿಂಗೇ ಅಂದಿದ್ರಿ ಅತ್ತಿಗೆ. ಸೌಟು ಬೇರೆ ಇತ್ತು, ಅಷ್ಟೇ,” ಎಂದಳು.

ನಮ್ಮ ಕಡೆ ಗೋಪೂಜೆಯ ದಿನ ದನಗಳ ಕೊರಳಿಗೆ ಚೆಂಡುಹೂ, ಅಡಿಕೆ, ಚಕ್ಕುಲಿ ಪೋಣಿಸಿದ ಹಾರ ಕಟ್ಟಿ ಬೀದಿಗೆ ಬಿಡುತ್ತೇವೆ. ಅಲ್ಲಿ ಕಾದು ನಿಂತವರು ಅಟ್ಟಿಸಿಕೊಂಡು ಹೋಗಿ ಆ ಹಾರ ಕೀಳಬೇಕು. ಕಿತ್ತವನು ಗೆದ್ದ, ಹಸುವಿನ ಮನೆಯವರು ಸೋತರು. ಕಾವೇರಿಯ ಹಾರ ವರ್ಷ ವರ್ಷವೂ ಜೀಪಿನ ಬೊಮ್ಮಯ್ಯನ ಪಾಲು. ಕಿತ್ತು ಸುಮ್ಮನಿರುತ್ತಾನೆಯೇ? ನನ್ನ ಮನೆಯ ಮುಂದೆ ಹಾರ್ನ್ ಹೊಡೆದುಕೊಂಡು ಮೆರವಣಿಗೆ ಬೇರೆ!

ಆ ವರ್ಷ ಕಾವೇರಿಯ ಕೊರಳಲ್ಲಿ ಇನ್ನೊಂದು ಒಡವೆಯೂ ಇತ್ತು. ಇಂಜಿನಿಯರಿಂಗ್ ಓದುವ ಗಾನಶ್ರೀ ಎಂಬ ಹುಡುಗಿ ಕಟ್ಟಿದ ಚರ್ಮದ ಬೆಲ್ಟು. ಅದರಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಪ್ರಾಣಿ ಎಲ್ಲಿದೆ, ಅದರ ಮೈ ಎಷ್ಟು ಬಿಸಿಯಿದೆ ಎಂದು ಆ ಪೆಟ್ಟಿಗೆ ತಾನೇ ಅಳೆದು, ಮೊಬೈಲಿನಲ್ಲಿ ಮೆಸೇಜು ಹೋಗುವ ಹಾಗೆ, ಅವಳ ಲ್ಯಾಪ್‌ಟಾಪಿಗೆ ಕಳಿಸುತ್ತದಂತೆ. ಮುಂದೆ ಕಾಡಾನೆಗೆ ಕಟ್ಟುವುದು, ಮೊದಲು ಸಾಧು ಪ್ರಾಣಿಯ ಮೇಲೆ ಪರೀಕ್ಷೆ ಎಂದಳು. ನಾನು ತಕ್ಷಣ ಒಪ್ಪಿದೆ. ನನ್ನ ಹಸು ಆನೆಗೆ ದಾರಿ ತೋರಿಸುವುದೆಂದರೆ ಸಾಮಾನ್ಯವೇ!

ಬೆಲ್ಟು ನೋಡಿದ್ದೇ ನನ್ನ ತಲೆ ಓಡಿತು. ದಬ್ಬಳ ತಂದೆ, ಗೋಣಿದಾರ ತಂದೆ, ಹಾರವನ್ನು ಬೆಲ್ಟಿಗೇ ಸೇರಿಸಿ ಹೊಲಿದುಬಿಟ್ಟೆ! ಕಾಫಿ ಮೂಟೆ ಹೊಲಿದು ಪಳಗಿದ ಕೈ. ಪೆಟ್ಟಿಗೆ ಚೆಂಡುಹೂವಿನೊಳಗೆ ಮುಳುಗಿಯೇ ಹೋಯಿತು.

ಹಬ್ಬದ ದಿನ ಗಾನಶ್ರೀ ತನ್ನ ಮೇಷ್ಟ್ರು ಸೋಮಶೇಖರಪ್ಪನವರನ್ನೂ ಕರೆತಂದಳು. ಪೂಜೆ ಮುಗಿಸಿ ಕಾವೇರಿಯನ್ನು ಬೀದಿಗೆ ಬಿಟ್ಟು, ನಾವು ಮೂವರು ಜಗಲಿಯಲ್ಲಿ ಲ್ಯಾಪ್‌ಟಾಪಿನ ಸುತ್ತ ಕೂತೆವು. ಪರದೆಯ ಮೇಲೆ ಒಂದು ಕೆಂಪು ಚುಕ್ಕಿ. ಅದೇ ಕಾವೇರಿಯಂತೆ! ನಾನು ಚುಕ್ಕಿಗೂ ಕೈ ಮುಗಿದೆ.

“ಮೂವತ್ತೆಂಟು ಡಿಗ್ರಿ. ಹಸು ಗಟ್ಟಿಯಾಗಿದೆ ಅಮ್ಮಾ,” ಎಂದರು ಮೇಷ್ಟ್ರು. ನಾನೇ ಹೆತ್ತಿದ್ದೇನೋ ಎಂಬಂತೆ ಉಬ್ಬಿದೆ.

ಸ್ವಲ್ಪ ಹೊತ್ತಿಗೆ ಗಾನಶ್ರೀಯ ಮುಖ ಸಪ್ಪಗಾಯಿತು. “ಸರ್, ಬಿಸಿ ಇಳೀತಿದೆ. ಮೂವತ್ತು... ಇಪ್ಪತ್ತಾರು...”

“ಹಂಗಂದ್ರೆ ಎಂತದ್ದು?” ಎಂದೆ.

ಮೇಷ್ಟ್ರು ಕನ್ನಡಕ ತೆಗೆದರು. “ಅಮ್ಮಾ, ಜೀವ ಇರೋ ಹಸು ಇಷ್ಟು ತಣ್ಣಗಿರಲ್ಲ.”

ಅಯ್ಯೋ, ನನ್ನ ಕಾವೇರಿ! ನಮ್ಮೆಜಮಾನರು ತೀರಿಕೊಂಡ ವರ್ಷ ಹುಟ್ಟಿದ ಕರು ಅದು. ತಾಯಿ ಸತ್ತಾಗ ಬೆರಳನ್ನು ಹಾಲಿಗೆ ಅದ್ದಿ ಚೀಪಿಸಿ ಬೆಳೆಸಿದವಳು ನಾನು. ಮನೆಯಲ್ಲಿ ನನ್ನ ಮಾತಿಗೆ ತಲೆಯಾಡಿಸುವ ಜೀವ ಅದೊಂದೇ!

“ಬೆಲ್ಟ್ ಬಿಚ್ಚಿಕೊಂಡಿರಬಹುದಾ ಅಜ್ಜಿ?” ಎಂದಳು ಗಾನಶ್ರೀ.

“ಬಿಚ್ಚಿಕೊಳ್ಳೋದಾ? ನನ್ನ ಹೊಲಿಗೆ ಮಾರಾಯ್ತಿ ಅದು! ನಿನ್ನ ಆನೆ ಎಳೆದರೂ ಬರಲ್ಲ!”

“ಹಾಗಾದರೆ ಅನುಮಾನವೇ ಇಲ್ಲ,” ಎಂದು ಮೇಷ್ಟ್ರು ಎದ್ದು ನಿಂತು ಮೌನ ಆಚರಿಸಿದರು.

ಅವರ ಮೌನ ಇನ್ನೂ ಮುಗಿದಿರಲಿಲ್ಲ, ಹುಡುಗಿ ಕಿರುಚಿದಳು. “ಸರ್! ಸತ್ತ ಹಸು ಓಡ್ತಿದೆ! ಗಂಟೆಗೆ ನಲವತ್ತು ಕಿಲೋಮೀಟರ್!”

ಕಾವೇರಿ ನಲವತ್ತರಲ್ಲಿ! ಹುಲ್ಲು ಹಾಕಿದರೂ ಯೋಚಿಸಿ ಏಳುವ ಪ್ರಾಣಿ! ಯಾರೋ ಹೆಣವನ್ನು ಲಾರಿಗೆ ಹಾಕಿಕೊಂಡು ಹೊರಟಿದ್ದಾರೆ ಎಂದು ನಾನು ಎದೆ ಬಡಿದುಕೊಂಡೆ. ಆಗ ರುಕ್ಮಿಣಿ ಬಾಗಿಲಿಗೆ ಬಂದಳು.

“ಅತ್ತಿಗೆ, ಒಂದು ಮಾತು...”

“ಸುಮ್ನಿರೇ! ಹಸು ಹೆಣವಾಗಿ ಲಾರೀಲಿ ಹೋಗ್ತಿದೆ, ನಿಂದೊಂದು ಮಾತು!”

ಅವಳು ತುಟಿ ಬಿಗಿದು ಒಳಗೆ ಹೋದಳು. ಆಮೇಲೆ ಮೂರು ಲೋಟ ಕಾಫಿ ತಂದು ಕುಕ್ಕಿದಳು. “ಕುಡಿದು ಅಳಿ. ಗಂಟಲಿಗೆ ಒಳ್ಳೇದು.”

ಸಕ್ಕರೆ ಸಾಲದು ಎಂದು ಅವಳನ್ನು ಬೈಯುತ್ತಲೇ ದುಃಖದಲ್ಲಿ ಎರಡು ಲೋಟ ಇಳಿಸಿದೆ. ಮೇಷ್ಟ್ರೂ ನನಗೆ ಜೊತೆ ಕೊಟ್ಟರು.

ಅಷ್ಟರಲ್ಲಿ ಹುಡುಗಿ ಮತ್ತೆ ಚೀರಿದಳು. “ಬಿಸಿ ಏರ್ತಿದೆ ಸರ್! ಮೂವತ್ತೆಂಟು!”

“ಬದುಕಿದಳು!” ನಾನು ಹಾರಿಬಿದ್ದೆ. ಭೈರವನಿಗೆ ಹಣ್ಣುಕಾಯಿ ಹೇಳಿಕೊಂಡೆ. ದೇವರು ಹರಕೆ ಕೇಳಿಸಿಕೊಂಡದ್ದು ಸ್ವಲ್ಪ ಜಾಸ್ತಿಯೇ ಆಯಿತೋ ಏನೋ, ಬಿಸಿ ನಿಲ್ಲಲೇ ಇಲ್ಲ. ನಲವತ್ತೈದು. ಐವತ್ತು. ಐವತ್ತೆಂಟು!

“ಐವತ್ತೆಂಟು ಡಿಗ್ರಿ ಜ್ವರ ಬಂದ ಪ್ರಾಣಿ ಪ್ರಪಂಚದಲ್ಲೇ ಇಲ್ಲ!” ಮೇಷ್ಟ್ರ ಕಣ್ಣು ಹೊಳೆಯಿತು. “ಇದು ದೊಡ್ಡ ಸಂಶೋಧನೆ ಅಮ್ಮಾ!”

“ನಿಮ್ಮ ಸಂಶೋಧನೆಗೆ ಬೆಂಕಿ ಬೀಳ! ದನದ ಡಾಕ್ಟ್ರಿಗೆ ಫೋನ್ ಮಾಡಿ!”

ಮಾಡಿದರು. “ಡಾಕ್ಟರೇ, ಒಂದು ಹಸು ಸತ್ತು, ಮತ್ತೆ ಬದುಕಿ, ನಲವತ್ತು ಕಿಲೋಮೀಟರ್ ಸ್ಪೀಡಲ್ಲಿ ಓಡ್ತಿದೆ. ಈಗ ಐವತ್ತೆಂಟು ಡಿಗ್ರಿ ಜ್ವರ...”

“ಹಬ್ಬ ಅಂತ ಮಧ್ಯಾಹ್ನವೇ ಶುರು ಮಾಡಿದ್ರಾ ಸಾರ್?” ಎಂದು ಆ ಕಡೆಯಿಂದ ಫೋನ್ ಇಟ್ಟ ಸದ್ದು ನನಗೂ ಕೇಳಿಸಿತು.

“ಅತ್ತಿಗೆ, ಆ ಹಸು...” ರುಕ್ಮಿಣಿ ಮತ್ತೆ ಇಣುಕಿದಳು.

“ಬಾಯಿ ಮುಚ್ಚೇ! ಒಂದು ಗೋಣಿ ಒದ್ದೆ ಮಾಡಿ ತಾ! ಜ್ವರ ಇಳಿಸಬೇಕು!”

“ಅಜ್ಜೀ, ಇಲ್ಲಿಗೇ ಬರ್ತಿದೆ!” ಗಾನಶ್ರೀ ಲ್ಯಾಪ್‌ಟಾಪ್ ಎತ್ತಿಕೊಂಡೇ ನಿಂತಳು. “ಮೋರಿ ದಾಟಿತು! ತಿರುವಿಗೆ ಬಂತು! ಗೇಟಿಗೆ ಬಂತು!”

ನಾನು ಒದ್ದೆ ಗೋಣಿ ಹಿಡಿದು ನುಗ್ಗಿದೆ. ಕಣ್ಣೀರಿನಲ್ಲಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಎದುರಿಗೆ ಚೆಂಡುಹೂವಿನ ಹಾರ ಮಾತ್ರ ಕಂಡಿತು. “ನನ್ನವ್ವಾ!” ಎಂದು ಗೋಣಿ ಹೊದಿಸಿ ತಬ್ಬಿಕೊಂಡೇ ಬಿಟ್ಟೆ. ಅದು ಬುಸ್ಸೆಂದಿತು. ತಬ್ಬಿದ್ದು ಬೊಮ್ಮಯ್ಯನ ಜೀಪಿನ ಬಾನೆಟ್ಟು!

“ಎಂತ ಅಮ್ಮಾ, ಈ ಸಲ ಜೀಪಿಗೇ ಶಾಲು ಹೊದಿಸಿ ಸನ್ಮಾನವಾ?” ಬೊಮ್ಮಯ್ಯ ಸ್ಟೀರಿಂಗ್ ಹಿಡಿದೇ ನಕ್ಕ. “ಹೊಲಿಗೆ ಭಾರೀ ಗಟ್ಟಿ ಮಾರಾಯ್ರೆ! ಹಾರ ಬರಲೇ ಇಲ್ಲ. ಬೆಲ್ಟಿನ ಬಕಲ್ ಬಿಚ್ಚಿದೆ, ಇಡೀ ಸರಂಜಾಮು ಕೈಗೆ ಬಂತು. ಆಮೇಲೆ ಬಾನೆಟ್ಟಿಗೆ ಕಟ್ಟಿ ಊರೆಲ್ಲ ತೋರಿಸ್ಕೊಂಡು ಬಂದೆ. ಅಲ್ಲಾ, ಈ ಡಬ್ಬೀಲಿ ಎಂತ ಸ್ವೀಟ್ ಇಟ್ಟಿದೀರಿ? ಸ್ಪ್ಯಾನರ್ ಹಾಕಿದ್ರೂ ಬಿಚ್ಚಲ್ಲ!”

ಗಾನಶ್ರೀ ಕೂಗಿಕೊಂಡು ಹೋಗಿ ಡಬ್ಬಿಯನ್ನು ಕಸಿದುಕೊಂಡಳು. ಹಾರವನ್ನು ಬೆಲ್ಟಿಗೆ ಹೊಲಿದಿದ್ದೆನೇ ಹೊರತು ಬೆಲ್ಟನ್ನು ಹಸುವಿಗೆ ಹೊಲಿದಿರಲಿಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಬಿಸಿಯಿದ್ದದ್ದು ಇಂಜಿನ್ನು!

“ನನ್ನ ಹಸು ಎಲ್ಲೋ?”

“ನಂಗೆಂತ ಗೊತ್ತಮ್ಮಾ? ಬೆಲ್ಟ್ ಬಿಚ್ಚಿದ್ದೇ ತಡ, ಮನೆ ಕಡೆ ತಿರುಗ್ತು.”

ಎಲ್ಲರೂ ರುಕ್ಮಿಣಿಯನ್ನು ನೋಡಿದೆವು. ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

“ಕೊಟ್ಟಿಗೇಲಿ ಮಲಗಿ ಮೆಲುಕು ಹಾಕ್ತಿದಾಳೆ. ಹಿತ್ತಲ ಕಡೆಯಿಂದ ಬಂದು ಎಷ್ಟು ಹೊತ್ತಾಯ್ತು! ಹಾಲೂ ಕರೆದೆ. ಹೇಳೋಕೆ ಬಂದ್ರೆ ನೀವು ಬಾಯಿ ಬಿಡೋಕೆ ಬಿಟ್ರೆ ತಾನೇ?”

“ಹಾಲು ಕರೆದೆಯಾ! ಎಲ್ಲಿ? ತೋರಿಸು!” ನನಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಅವಳು ಜಗಲಿಯ ಮೇಲಿನ ಖಾಲಿ ಲೋಟಗಳ ಕಡೆ ಗಲ್ಲದಿಂದಲೇ ಸನ್ನೆ ಮಾಡಿದಳು. “ಕುಡಿದಿರಲ್ಲ ಅತ್ತಿಗೆ, ಎರಡು ಲೋಟ! ಸತ್ತಳು ಅಂತ ಅವಳ ಹೆಸರು ಹಿಡಿದು ಅತ್ತುಕೊಂಡು, ಅವಳದ್ದೇ ಹಾಲಿನ ಕಾಫಿ ಹಿಡಿದು, ಸಕ್ಕರೆ ಸಾಲದು ಅಂತ ನನ್ನನ್ನೇ ಬೈದ್ರಿ!”