ನನ್ನ ಯಾವ ಅರ್ಧ ಜಾರಿ ಬಿದ್ದದ್ದು?

ಜಿಲ್ಲೆಯ ದುಡಿಮೆ ಮತ್ತು ವೇತನದ ನಿರೀಕ್ಷಕರಾದ ಅಮ್ಮನವರ ಸನ್ನಿಧಿಗೆ, ನದಿದಂಡೆಯ ಸ್ನಾನದ ಮನೆಯಲ್ಲಿ ಹೆಂಗಸರ ಬೆನ್ನು ಉಜ್ಜುವ ಶರ್ಬಾನು ಮಾಡುವ ನಮಸ್ಕಾರಗಳು. ತಾವೂ, ತಮ್ಮ ಯಜಮಾನರೂ, ಮಕ್ಕಳುಮರಿಯೂ, ಕುರಿ ಕುದುರೆ ಇದ್ದರೆ ಅವೂ, ತಮ್ಮ ಕಚೇರಿಯ ಮೊಹರೂ ಕ್ಷೇಮವೆಂದು ನಂಬಿದ್ದೇನೆ. ಈ ಕಡೆ ನಾನು ಅರ್ಧ ಕ್ಷೇಮ.

ಮಾನ್ಯರೇ,

ಮೊದಲು ಒಂದು ಕೆಟ್ಟ ಕನಸಿನ ಸಂಗತಿ ಹೇಳಿಬಿಡುತ್ತೇನೆ. ಕೆಟ್ಟ ಕನಸು ಬಿದ್ದರೆ ಮನುಷ್ಯರಿಗೆ ಹೇಳಬಾರದು, ಹರಿಯುವ ನೀರಿಗೆ ಹೇಳಬೇಕು ಅನ್ನುತ್ತಿದ್ದಳು ನಮ್ಮಜ್ಜಿ. ಸ್ನಾನದ ಮನೆಯ ಏಳೂ ನಲ್ಲಿಗಳಿಗೆ ಹೇಳಿದೆ. ನೀರು ಹರಿದುಹೋಯಿತು, ಕನಸು ಉಳಿದುಕೊಂಡಿತು. ಅದಕ್ಕೇ ತಮಗೆ ಹೇಳುತ್ತಿದ್ದೇನೆ. ಬಜಾರಿನ ಮಾಂಸದ ಸಾಲಿನಲ್ಲಿ ನನ್ನನ್ನು ಕುರಿಯ ಹಾಗೆ ನೆತ್ತಿಯಿಂದ ಹಿಮ್ಮಡಿವರೆಗೆ ಸರಿಯಾಗಿ ಎರಡು ಸೀಳು ಮಾಡಿ ಕೊಕ್ಕೆಗೆ ತೂಗುಹಾಕಿದ್ದಾರೆ. ತಾವು ಬಂದು ಕನ್ನಡಕ ಏರಿಸಿ, "ಇದ್ರಲ್ಲಿ ದುಡಿಯೋದು ಯಾವುದಮ್ಮ?" ಅಂತ ಕೇಳುತ್ತೀರಿ. ಎರಡೂ ಹೋಳು ಕೈ ಎತ್ತುತ್ತವೆ, ಇರುವುದೇ ಒಂದೊಂದು ಕೈ. ತಾವು ಒಂದಕ್ಕೆ ಮೊಹರು ಒತ್ತಿ, ಇನ್ನೊಂದನ್ನು "ಇದು ಗಿರಾಕಿ" ಅಂತ ಬರೆದುಕೊಂಡು ಹೊರಟುಹೋಗುತ್ತೀರಿ. ಬೆವೆತು ಎದ್ದು ನೋಡಿದರೆ ಎರಡೂ ಅರ್ಧ ಒಂದೇ ಹಾಸಿಗೆಯಲ್ಲಿದ್ದವು, ಬಲಗೈ ಮಾತ್ರ ಪ್ಲಾಸ್ಟರಿನೊಳಗಿತ್ತು.

ಆದ್ದರಿಂದ ಈ ಪತ್ರ ಎಡಗೈ ಬರೆದದ್ದು. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಕ್ಷಮಿಸಬೇಕು. ಬಲಗೈಯದೂ ಇದಕ್ಕಿಂತ ಭಾರಿ ಚೆನ್ನಾಗೇನೂ ಇರಲಿಲ್ಲ; ಆರನೇ ಕ್ಲಾಸಿನ ನಡುವೆ ಕುರಿಗಳು ಮರಿ ಹಾಕುವ ಕಾಲ ಬಂತು ಅಂತ ಶಾಲೆ ಬಿಡಿಸಿದರು, ಮರಿಗಳು ದೊಡ್ಡವಾಗಿ ಅವೂ ಮರಿ ಹಾಕಿದವು, ನಾನು ಮಾತ್ರ ವಾಪಸು ಹೋಗಲಿಲ್ಲ.

ಹೊಸ ವರ್ಷದಿಂದ ಕನಿಷ್ಠ ವೇತನವನ್ನು ಒಂದೇ ಏಟಿಗೆ ಎಪ್ಪತ್ತು ಸಾವಿರ ತೆಂಗೆಯಿಂದ ಎಂಬತ್ತೈದು ಸಾವಿರಕ್ಕೆ ಏರಿಸಿದ ಸುದ್ದಿಯನ್ನು ಟೀವಿಯಲ್ಲಿ ಕೇಳಿ ನಾನು ಕಣ್ಣು ಒರೆಸಿಕೊಂಡವಳು, ತಮ್ಮಂಥ ದೊಡ್ಡವರಿಗೆ ಆಯುಸ್ಸು ಕೋರಿದವಳು. ಸುದ್ದಿ ನನಗಿಂತ ಮೊದಲೇ ಹಿಟ್ಟಿಗೆ, ಎಣ್ಣೆಗೆ, ಕಲ್ಲಿದ್ದಲಿಗೆ ಮುಟ್ಟಿತ್ತು ಅನ್ನುವುದು ಬೇರೆ ಮಾತು. ಸಂಬಳ ಪಾಪ ತಿಂಗಳ ಕೊನೆಗೆ ಕಾಲೆಳೆದುಕೊಂಡು ಬರುತ್ತದೆ, ಬೆಲೆ ಮಾತ್ರ ಸುದ್ದಿ ಕೇಳಿದ ದಿನವೇ ಕುದುರೆ ಹತ್ತಿ ಬಂದುಬಿಟ್ಟಿತು. ನಮ್ಮ ಬಾಗಿಲಲ್ಲಿ ಬೌರ್ಸಾಕ್ ಅನ್ನುವ ಹಿಟ್ಟಿನ ಉಂಡೆ ಕರಿದು ಮಾರುವವಳು ಬೆಲೆ ಏರಿಸಲು ನಾಚಿಕೊಂಡು ಬೌರ್ಸಾಕನ್ನೇ ಕುಗ್ಗಿಸಿದಳು. ಈಗ ಬಾಯಿಗೆ ಹಾಕಿಕೊಂಡರೆ ನಾಲಿಗೆಯಿಂದ ಹುಡುಕಬೇಕು. ಆದರೂ ನ್ಯಾಯದ ಮಾತು ಆಡಬೇಕು: ಶಾಲೆಯಲ್ಲಿ ಅಡುಗೆ ಮಾಡುವ ನನ್ನ ತಂಗಿಗೆ ಏರಿಸಿದ್ದು ಪೂರ್ತಿ ಸಿಕ್ಕಿತು, ಮಗಳಿಗೆ ಚಳಿಗಾಲದ ಬೂಟು ಕೊಂಡಳು, ತಮ್ಮನ್ನು ಹರಸಿದಳು. ಅವಳ ಹಾರೈಕೆ ತಮ್ಮನ್ನು ಮುಟ್ಟಲಿ. ನನಗೆ ಬರಬೇಕಾದದ್ದು ನಮ್ಮ ಬಾಗಿಲವರೆಗೆ ಬಂದು, ತಲೆ ಚೌಕಟ್ಟಿಗೆ ತಗುಲಿ, ಒಳಗೆ ಹಿಡಿಸಲಿಲ್ಲ.

ಹಿಡಿಸುವ ಹಾಗೆ ಮಾಡಲು ನಮ್ಮ ಯಜಮಾನರಾದ ಮುಕಾತಾಯ್ ಅಗಾ ನಮ್ಮನ್ನೇ ಕತ್ತರಿಸಿದರು. ಸ್ನಾನದ ಮನೆಯಲ್ಲಿ ನಾವು ಮೂವರು: ನಾನು, ಒಲೆ ಉರಿಸುವ ಎಸಿಮ್‌ಖಾನ್, ಟಿಕೆಟ್ ಕೊಡುವ ಲೀದಾ. ಮೂವರನ್ನೂ ಕೂರಿಸಿ, ಹಾಲು ಹಾಕಿದ ಚಹಾ ಕೊಟ್ಟು, ಹಿಂದೆಂದೂ ಇಲ್ಲದಂತೆ ತಲಾ ಎರಡು ಸಕ್ಕರೆ ಗಡ್ಡೆ ಇಟ್ಟರು. "ನನ್ನ ಬಂಗಾರಗಳಾ, ಸರ್ಕಾರ ನಿಮ್ಮ ರೇಟು ಏರಿಸಿದೆ. ನೀವೀಗ ಭಾರಿ ದುಬಾರಿ ಜನ. ಇಡೀ ಇಡೀ ಇಟ್ಕೊಳ್ಳೋ ತಾಕತ್ತು ನನಗಿಲ್ಲ, ಅರ್ಧರ್ಧ ಇಟ್ಕೋತೀನಿ" ಅಂದರು. "ಅಗಾ, ಅರ್ಧ ಕಲ್ಲಿದ್ದಲು ಹಾಕಿದ್ರೆ ನೀರು ಉಗುರುಬೆಚ್ಚಗಾಗತ್ತೆ ಅಷ್ಟೇ" ಅಂದ ಎಸಿಮ್‌ಖಾನ್. "ಕೆಲಸ ಇಡೀನೇ ಕಣೋ ಕತ್ತೆ, ಕಾಗದ ಮಾತ್ರ ಅರ್ಧ!" ಅಂದರು ಅಗಾ. ಲೀದಾ ಒಂದು ಕುರ್ಚಿ ಸಾಲದ ಹೆಂಗಸು; ಅವಳು, "ನನ್ನಲ್ಲಿ ಅರ್ಧ ತೆಗೆದ್ರೂ ಇವರಿಬ್ಬರಷ್ಟು ಉಳೀತೀನಿ, ನನಗೆ ತೂಕದ ಮೇಲೆ ಕೊಡಿ" ಅಂದಳು. ಎಲ್ಲರೂ ನಕ್ಕು ರುಜು ಹಾಕಿದೆವು. ನಾನೂ ನಕ್ಕೆ, ಭಯಕ್ಕೆ.

ಅಂದಿನಿಂದ ಕಾಗದದ ಪ್ರಕಾರ ನಾನು ಬೆಳಿಗ್ಗೆ ಎಂಟಕ್ಕೆ ಹುಟ್ಟಿ ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲವಾಗುತ್ತೇನೆ. ಆಮೇಲೆ ರಾತ್ರಿ ಎಂಟರವರೆಗೆ ಬೆನ್ನು ಉಜ್ಜುವುದು ಯಾರೋ ಗೊತ್ತಿಲ್ಲ. ಆ ಯಾರೋ ಒಬ್ಬಳಿಗೆ ಕೊಡಬೇಕಾದದ್ದನ್ನು ಅಗಾ ಲಕೋಟೆಯಲ್ಲಿ ಮಡಚಿ ಕೊಡುತ್ತಾರೆ, ಎರಡೂ ಸೇರಿಸಿದರೆ ಹೋದ ವರ್ಷದ ಸಂಬಳವೇ ಆಗುತ್ತದೆ. ಈ ವಾಕ್ಯವನ್ನು ತಾವು ಓದಿದ ಮೇಲೆ ದಯವಿಟ್ಟು ಮರೆಯಬೇಕು. ಅಗಾ ಕೆಟ್ಟವರಲ್ಲ, ಕಲ್ಲಿದ್ದಲಿನ ಬಿಲ್ಲು ತೋರಿಸಿ ನಿಜವಾಗಿಯೂ ಅತ್ತವರು. ಟಿಕೆಟ್ ದರ ಏರಿಸಿದ ಮೇಲೆ ವಾರಕ್ಕೊಮ್ಮೆ ಬರುತ್ತಿದ್ದವರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಎರಡು ವಾರದ ಕೊಳೆ ಒಂದೇ ಸಲ ತರುತ್ತಾರೆ. ಊರಿನ ಕೊಳೆಗೆ ಮಾತ್ರ ಇನ್ನೂ ಇಡೀ ಹುದ್ದೆ ಇದೆ.

ತಮ್ಮ ಔದಾರ್ಯಕ್ಕೆ ಕೊನೆಯಿಲ್ಲ ಅಂತ ಕೇಳಿದ್ದೇನೆ, ಮುಂದೆಯೂ ಏರಿಸುತ್ತೀರಂತೆ. ಏರಿಸಿ, ಬೇಡ ಅನ್ನಲು ನಾನ್ಯಾರು? ಆದರೆ ಇನ್ನೊಮ್ಮೆ ಏರಿದರೆ ನಾನು ಕಾಲು ಆಗುತ್ತೇನೆ, ಮತ್ತೊಮ್ಮೆ ಏರಿದರೆ ಒಂದು ಹೆಬ್ಬೆರಳು. ಕೊನೆಗೆ ವೇತನ ಆಕಾಶದಷ್ಟು ಎತ್ತರ ನಿಂತಿರುತ್ತದೆ, ಕೆಳಗೆ ನೋಡಿದರೆ ತೆಗೆದುಕೊಳ್ಳುವವರು ಕಣ್ಣಿಗೆ ಕಾಣುವುದಿಲ್ಲ. ಏರಿಸುವಾಗ ನಮ್ಮನ್ನೂ ಇಡಿಯಾಗಿ ಜೊತೆಗೆ ಎತ್ತುವ ಏನಾದರೂ ಒಂದು ಹಗ್ಗ ತಮ್ಮ ಕಚೇರಿಯ ಉಗ್ರಾಣದಲ್ಲಿ ಇದ್ದರೆ ನೋಡಬೇಕು.

ಅದೇ ಚಳಿಗಾಲದ ಕೊನೆಗೆ ರಾಜಧಾನಿಯಿಂದ ಇನ್ನೊಂದು ಆಜ್ಞೆಯೂ ಬಂತಲ್ಲ, ದೇಶಕ್ಕೆಲ್ಲ ಒಂದೇ ಸಮಯ, ನಮ್ಮ ಕಡೆಯವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು ಅಂತ. ಅಗಾ ಮೊದಲ ಆಜ್ಞೆಯನ್ನು ಅರ್ಧವಾದರೂ ಪಾಲಿಸಿದರು, ಇದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಸಂಬಳ ಅವರು ಹೇಳಿದಷ್ಟು ಕೊಡ್ಬೇಕು, ಸೂರ್ಯನೂ ಅವರು ಹೇಳಿದಾಗ್ಲೇ ಹುಟ್ಬೇಕಾ? ನನ್ನ ಗೋಡೆ, ನನ್ನ ಗಡಿಯಾರ!" ಅಂದರು. ಏಣಿಯ ಮೂರು ಮೆಟ್ಟಿಲು ಮುರಿದಿರುವುದೂ ಒಂದು ಕಾರಣ. ಹಬೆಮನೆಯ ಬಾಗಿಲ ಮೇಲಿನ ದೊಡ್ಡ ಗಡಿಯಾರ ಇವತ್ತಿಗೂ ಹಳೆಯ ಗಂಟೆಯಲ್ಲೇ ಓಡುತ್ತಿದೆ. ಇದು ಸುಮ್ಮನೆ ಬಾಯಿಗೆ ಬಂತು, ಹೇಳಿದೆ.

ಇನ್ನು ನಾನು ಬಿದ್ದ ವಿಷಯ. ಏಪ್ರಿಲ್ ತಿಂಗಳ ಎರಡನೇ ಗುರುವಾರ ಯಾರೋ ಬಿಟ್ಟುಹೋದ ಸೋಪಿನ ಮೇಲೆ ಕಾಲಿಟ್ಟೆ. ಬಿಸಿನೀರಿನ ಬೋಗುಣಿ ಒಂದು ಕಡೆ, ನಾನು ಒಂದು ಕಡೆ. ಮಣಿಕಟ್ಟು ಒಣಗಿದ ಕೊಂಬೆಯ ಹಾಗೆ ಲಟ್ ಅಂದಿತು. ಹೆಂಗಸರೆಲ್ಲ ಕೂಗಿಕೊಂಡರು, ಜಿರಲೆಗಳ ಹಾಗೆ ದಿಕ್ಕಾಪಾಲಾಗಿ ಬತ್ತಲೆ ಓಡಿದರು. ಅಗಾ ಕಣ್ಣು ಮುಚ್ಚಿಕೊಂಡೇ ಒಳಗೆ ಬಂದವರು, ತೆರೆದಾಗ ಮೊದಲು ನನ್ನ ಕೈ ನೋಡಲಿಲ್ಲ, ಗೋಡೆ ನೋಡಿದರು. "ಹನ್ನೆರಡೂ ನಲವತ್ತು! ದೇವರು ದೊಡ್ಡವನು!" ಅಂದರು. ಆಮೇಲೆ ನನ್ನ ಕಡೆ ಬಗ್ಗಿ, "ಅಲ್ಲ ಮಾರಾಯ್ತಿ, ನಿನ್ನ ಹೊತ್ತು ಮುಗಿದು ನಲವತ್ತು ನಿಮಿಷ ಆಯ್ತಲ್ಲ, ಇನ್ನೂ ಇಲ್ಲೇನು ಮಾಡ್ತಿದ್ದೆ?" ಅಂತ ಕೇಳಿದರು. ನಾನು ನೋವಿನಲ್ಲೂ ಎಡಗೈಯಿಂದ ಸೋಪು ತೋರಿಸಿದೆ.

ಅಗಾ ವರದಿ ಬರೆದರು: ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ, ದುಡಿಮೆಯ ಹೊತ್ತು ಮುಗಿದ ಮೇಲೆ, ಸ್ವಂತ ಇಷ್ಟದಿಂದ ಸ್ನಾನಕ್ಕೆ ಬಂದಿದ್ದ ಒಬ್ಬ ಗಿರಾಕಿ ಜಾರಿ ಬಿದ್ದಿರುತ್ತಾಳೆ. ಗಿರಾಕಿ ಅಂದಮೇಲೆ ಟಿಕೆಟ್ ಬೇಕಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಲೀದಾಳ ಕೈಯಲ್ಲಿ ನನ್ನ ಹೆಸರಿಗೆ ಒಂದು ಟಿಕೆಟ್ಟನ್ನೂ ತೆಗೆಸಿದರು. ಲೀದಾ ಅದನ್ನು ನನ್ನ ಎಡಗೈಯಲ್ಲಿಟ್ಟು ಬೆರಳು ಮಡಚಿ, "ಜೋಪಾನ ಕಣೇ, ಕಳ್ಕೋಬೇಡ" ಅಂತ ಕಿವಿಯಲ್ಲಿ ಅಂದಳು. ದುಡ್ಡು ಅವಳೇ ಹಾಕಿದ್ದಳು.

ತಾವು ಆ ವರದಿಯನ್ನು ಓದಿ, ಇದು ಕೆಲಸದ ಹೊತ್ತಿನ ಅಪಘಾತವಲ್ಲ, ಪರಿಹಾರ ಇಲ್ಲ ಅಂತ ಸಹಿ ಹಾಕಿದಿರಿ. ಡಾಕ್ಟರು ಆರು ವಾರ ಪ್ಲಾಸ್ಟರು, ಆಮೇಲೆ ಎರಡು ತಿಂಗಳು ಕೈಗೆ ವ್ಯಾಯಾಮದ ಚಿಕಿತ್ಸೆ, ಇಲ್ಲದಿದ್ದರೆ ಮಣಿಕಟ್ಟು ಸೊಟ್ಟಗೇ ಕೂರುತ್ತದೆ ಅಂದಿದ್ದಾರೆ. ಪರಿಹಾರ ಇಲ್ಲದೆ ಚಿಕಿತ್ಸೆ ಇಲ್ಲ. ಸೊಟ್ಟ ಕೈಯವಳ ಹತ್ತಿರ ಯಾರೂ ಬೆನ್ನು ಕೊಡುವುದಿಲ್ಲ. ಲಕೋಟೆಯಂತೂ ಬಿದ್ದ ದಿನವೇ ನಿಂತಿತು.

ತಮ್ಮ ತೀರ್ಪನ್ನು ತಲೆಯ ಮೇಲಿಟ್ಟುಕೊಂಡಿದ್ದೇನೆ. ಒಂದೇ ಚಿಂತೆ ನಿದ್ದೆ ಬಿಡಿಸುತ್ತಿದೆ: ಹನ್ನೆರಡರ ಮೇಲೆ ನಾನು ಇರುವುದಿಲ್ಲ ಅನ್ನುವುದಾದರೆ, ಶನಿವಾರ ಸಂಜೆ ನಾಲ್ಕಕ್ಕೆ ತಪ್ಪದೆ ಬರುವ, ಎಡ ಹೆಗಲ ಕೆಳಗೆ ಒಣದ್ರಾಕ್ಷಿಯಷ್ಟು ಮಚ್ಚೆ ಇರುವ, "ಇನ್ನೂ ಜೋರಾಗಿ ಉಜ್ಜೇ, ಆಫೀಸಿನ ಧೂಳು" ಅನ್ನುವ ಆ ಮಾನ್ಯರ ಬೆನ್ನನ್ನು ಇಷ್ಟು ದಿನ ಉಜ್ಜಿದವಳು ಯಾರು? ಆ ಮಾನ್ಯರು ಯಾರೆಂದು ನಾನು ಹೇಳುವುದಿಲ್ಲ, ಬೆನ್ನಿಗೆ ಹೆಸರು ಬರೆದಿರುವುದಿಲ್ಲವಲ್ಲ. ಇಲ್ಲದವಳು ಉಜ್ಜಿದ ಬೆನ್ನು ಶುದ್ಧವಾಗಿದೆಯೋ ಇಲ್ಲವೋ, ಕಾನೂನಿನಲ್ಲಿ ನೋಡಿ ತಿಳಿಸಬೇಕು. ಹಾಗೆಯೇ, ನಮ್ಮ ನೆಲಕ್ಕೆ ಒಂದು ಸುತ್ತೋಲೆ ಕಳಿಸಿ, ಇನ್ನು ಮೇಲೆ ಹನ್ನೆರಡರೊಳಗೆ ಮಾತ್ರ ಜಾರಬೇಕು ಅಂತ ಆಜ್ಞಾಪಿಸಿದರೆ ನಮ್ಮಂಥವರು ಹೊತ್ತು ನೋಡಿಕೊಂಡು ಬೀಳುತ್ತೇವೆ. ಸೋಪಿಗೂ ಒಂದು ಪ್ರತಿ ಹೋಗಲಿ.

ಈ ಪತ್ರದ ಇನ್ನೊಂದು ಪ್ರತಿಯನ್ನು ಹೆಂಗಸರ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಅಲ್ಲಿ ಸರದಿಗೆ ಕಾಯುವವರು ಏನು ಸಿಕ್ಕಿದರೂ ಓದುತ್ತಾರೆ.

ಮಧ್ಯಾಹ್ನ ಹನ್ನೆರಡರವರೆಗೆ ತಮ್ಮ ವಿಶ್ವಾಸಿ, ಆಮೇಲೆ ಬರೀ ಗಿರಾಕಿ,
ಶರ್ಬಾನು

ಬರೆದು ಮುಗಿಸಿದ ಮೇಲೆ ನೆನಪಾದದ್ದು: ನನ್ನ ಹೆಸರಿಗೆ ತೆಗೆಸಿದ ಆ ಟಿಕೆಟ್ಟನ್ನು ಇದರ ಜೊತೆ ಪಿನ್ನು ಹಾಕಿ ಇಟ್ಟಿದ್ದೇನೆ. ಲೀದಾಳ ಟಿಕೆಟ್ ಯಂತ್ರದ ಗಂಟೆ ಅಗಾ ತಿರುಗಿಸುವುದಲ್ಲ, ರಾಜಧಾನಿಯಿಂದ ತಂತಿಯಲ್ಲಿ ತಾನೇ ಬರುವುದಂತೆ; ನಮ್ಮ ಸ್ನಾನದ ಮನೆಯಲ್ಲಿ ತಮ್ಮವರ ಗಡಿಯಾರದ ಆಜ್ಞೆಯನ್ನು ಕೇಳಿದ್ದು ಅದೊಂದೇ. ನಾನು ಬಿದ್ದು ಹನ್ನೆರಡು ನಿಮಿಷದ ಮೇಲೆ ತೆಗೆದ ಟಿಕೆಟ್ ಅದು. ಅದರ ತಳದಲ್ಲಿ ಸಣ್ಣ ಅಂಕಿಯಲ್ಲಿ ಹೊತ್ತು ಇದೆ, ನನ್ನ ಕಣ್ಣಿಗೆ 11:52 ಅಂತ ಕಾಣುತ್ತದೆ. ಅರ್ಧ ಓದಿದವಳು, ತಪ್ಪಿರಬಹುದು ಅಂತ ಭಯ. ಆ ಕಾಗದದ ಶಾಯಿ ಬೇಗ ಮಾಸುತ್ತದಂತೆ; ಮಾಸುವ ಮೊದಲು ಕನ್ನಡಕ ಏರಿಸಿ, ಅದು ಹನ್ನೊಂದೋ ಹನ್ನೆರಡೋ, ದಯವಿಟ್ಟು ಇನ್ನೊಮ್ಮೆ ನೋಡಿ.