ನಮ್ಮ ಚಿಕ್ಕಮ್ಮನ ಮರ್ಡರರ್‌ಗಳು

ನಮ್ಮ ಚಿಕ್ಕಮ್ಮನಿಗೆ ಗೊತ್ತಿದ್ದಷ್ಟು ಕೊಲೆಗಾರರು ಬೆಂಗಳೂರಿನ ಪೊಲೀಸರಿಗೂ ಗೊತ್ತಿರಲಿಲ್ಲ! ಎಲ್ಲರೂ ಜಯನಗರದ ಆಸುಪಾಸಿನವರೇ. ರವಿಕೆಯ ತೋಳು ಬಿಗಿ ಮಾಡಿದ ದರ್ಜಿ ಮರ್ಡರರ್. ಕಾಫಿಪುಡಿಗೆ ಚಿಕೋರಿ ಜಾಸ್ತಿ ಬೆರೆಸಿದ ಅಂಗಡಿಯವನು ಮರ್ಡರರ್. ಎರಡನೇ ಡಿಕಾಕ್ಷನ್ನಿನಲ್ಲಿ ಕಾಫಿ ಮಾಡಿಕೊಡುತ್ತಿದ್ದ ನಾನಂತೂ ಬೆಳಿಗ್ಗೆ ಸಂಜೆ ಮರ್ಡರರ್. "ಹಾಲನ್ನೂ ಕೊಂದೆ, ಪುಡೀನೂ ಕೊಂದೆ!" ಅಂತ ಲೋಟ ಕುಕ್ಕುತ್ತಿದ್ದಳು. ಕುಡಿದು ಮುಗಿಸಿಯೇ ಕುಕ್ಕುತ್ತಿದ್ದಳು, ಅದು ಬೇರೆ ಮಾತು.

ಐವತ್ತರ ದಶಕದ ಕೊನೆಯಿರಬೇಕು. ನಾನು ಬಿ.ಎ. ಓದೋದಕ್ಕೆ ಅಂತ ಅವರ ಮನೆಯಲ್ಲಿದ್ದೆ. ಜಯನಗರ ಆಗಿನ್ನೂ ಎದ್ದು ಕೂರುತ್ತಿತ್ತು. ಒಂದು ಸೈಟಿನಲ್ಲಿ ಮನೆ, ಪಕ್ಕದ ನಾಲ್ಕರಲ್ಲಿ ಲಂಟಾನ ಪೊದೆ. ಚಿಕ್ಕಪ್ಪ ಕೋರ್ಟಿನಲ್ಲಿ ಗುಮಾಸ್ತೆ, ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದೋದು ಅವರ ಚಟ. ವರ್ಷಗಟ್ಟಲೆ ಕೇಳಿ ಕೇಳಿ ಚಿಕ್ಕಮ್ಮನಿಗೆ ದಕ್ಕಿದ್ದು ಈ ಒಂದೇ ಪದ. ಹಾಗಂತ ಅರ್ಥ ಗೊತ್ತಿಲ್ಲ ಅಂದುಕೊಳ್ಳಬೇಡಿ!

"ಕೊಲೆಗಾರ ಅಂತ ತಾನೇ? ಗೊತ್ತು ಬಿಡೇ. ಕನ್ನಡದಲ್ಲಿ ಅಂದ್ರೆ ಎದೆಗೆ ನಾಟುತ್ತೆ. ಇಂಗ್ಲಿಷಲ್ಲಿ ಅಂದ್ರೆ ನನ್ನ ಸಿಟ್ಟೂ ತೀರ್ತು, ಅವರಿಗೂ ನೋವಿಲ್ಲ."

ಇದು ಚಿಕ್ಕಮ್ಮನ ಸಿದ್ಧಾಂತ!

ಒಮ್ಮೆ ಆ ಸಿದ್ಧಾಂತ ಕೈಕೊಟ್ಟಿತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನು ಹಾಡಿದ್ದಾಯಿತು. "ನಮ್ಮ ಹುಡುಗನೂ ಹಾಡ್ತಾನೆ" ಅಂದರು ಅವನ ತಂದೆ. ಹುಡುಗ ಕಣ್ಣು ಮುಚ್ಚಿ ಕಲ್ಯಾಣಿ ರಾಗ ಎತ್ತಿಕೊಂಡ. ಅದು ಯಾವ ಕಡೆ ಹೊರಟಿತೋ ಆ ಕಲ್ಯಾಣಿಗೇ ತಿಳಿಯದು. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ತಾನು ಪಿಸುಗುಡುತ್ತಿದ್ದೇನೆ ಅಂದುಕೊಂಡು, ಬೀದಿಗೆ ಕೇಳುವಂತೆ "ಮರ್ಡರರ್!" ಅಂದುಬಿಟ್ಟಳು. ಹುಡುಗನ ತಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು! ತಟ್ಟೆಯಲ್ಲಿದ್ದ ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ಆ ಸಂಬಂಧ ತಪ್ಪಿಸಿದ್ದಕ್ಕೆ ನಾನು ಇವತ್ತಿಗೂ ಚಿಕ್ಕಮ್ಮನಿಗೆ ಋಣಿ.

ಆದರೆ ಅವಳ ಅಚ್ಚುಮೆಚ್ಚಿನ ಮರ್ಡರರ್ ಅಂದರೆ ಬೈರಸಂದ್ರದ ಹಾಲಿನವನು. ಆಗೆಲ್ಲ ಹಸುವನ್ನೇ ಮನೆ ಮುಂದಕ್ಕೆ ಹೊಡೆದುಕೊಂಡು ಬಂದು ಕಣ್ಣೆದುರೇ ಕರೆದು ಕೊಡುತ್ತಿದ್ದರು. ಹಸುವಿನ ಹಿಂದೆ ಒಂದು ಕೆಂಪು ಕರು. ಚಿಕ್ಕಮ್ಮ ಒಂದು ಕೈಯಲ್ಲಿ ಚೆಂಬು ಹಿಡಿದು, ಇನ್ನೊಂದರಲ್ಲಿ ಕರುವಿಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸುತ್ತಾ, "ಒಂದು ಮೊಲೆ ಕರೂಗೆ ಬಿಡೋ, ಮರ್ಡರರ್!" ಅಂತ ದಿನಾ ಜಗಳ. ಅವನಿಗೆ ಅದೊಂದು ಬಿರುದು! ಗೇಟಿನಲ್ಲೇ ನಿಂತು, "ಅಮ್ಮಾವ್ರೇ, ಮರ್ಡರು ಬಂದವ್ನೆ, ಚೆಂಬು ತನ್ನಿ!" ಅಂತ ಕೂಗುತ್ತಿದ್ದ.

ಒಮ್ಮೆ ವಾರವೆಲ್ಲ ಅವನ ಪತ್ತೆಯಿಲ್ಲ. ಚಿಕ್ಕಮ್ಮ ಬೇರೆ ಹಾಲು ತರಿಸಿ, ಬೇರೆ ಯಾರನ್ನೋ ಬೈಯುತ್ತಾ ದಿನ ದೂಡಿದಳು. ಕೊನೆಗೊಂದು ಬೆಳಿಗ್ಗೆ ಬಂದ. ಕೂಗಲಿಲ್ಲ. ಕರು ಹಸುವಿನ ಹಿಂದೆ ಇರಲಿಲ್ಲ, ಅವನ ಹೆಗಲ ಮೇಲಿತ್ತು. ಕೆಳಗಿಳಿಸಿದ. ನೋಡಿದರೆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹೊಲಿದದ್ದು! ಕರು ಸತ್ತರೆ ಹಸು ಹಾಲು ಬಿಡುವುದಿಲ್ಲ ಅಂತ ಹಾಲಿನವರು ಹೀಗೆ ಮಾಡುವುದುಂಟು. ಹಸು ಆ ಹುಲ್ಲಿನ ಕರುವನ್ನು ನೆಕ್ಕತೊಡಗಿತು. ಚಿಕ್ಕಮ್ಮನ ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಾಗೇ ಇತ್ತು.

"ಮರ್ಡರರ್" ಅಂದಳು, ಮೆಲ್ಲಗೆ. "ಒಂದು ಮೊಲೆ ಬಿಡು ಅಂತ ಬಡ್ಕೊಂಡೆನಲ್ಲೋ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಗೇಟಿನ ಹತ್ತಿರ ಚಿಕ್ಕಪ್ಪನನ್ನು ಹಿಡಿದ. "ಬುದ್ಧೀ, ಅಮ್ಮಾವ್ರು ಇವತ್ತು ನಗಲಿಲ್ಲ. ಆ ಮಾತಿಗೆ ಅರ್ಥ ಏನು?"

ಚಿಕ್ಕಪ್ಪ ಸುಳ್ಳು ಹೇಳಲು ಬಾರದ ಮನುಷ್ಯ. ಏನೋ ಒಂದು ಹೇಳಿ ಸಾಗಹಾಕಬಾರದಿತ್ತೇ! ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿಬಿಟ್ಟರು. "ಔದಾ" ಅಂದ ಅವನು. ಹುಲ್ಲಿನ ಕರುವನ್ನು ಮತ್ತೆ ಹೆಗಲಿಗೇರಿಸಿಕೊಂಡು, ಹಾಲು ಕರೆಯದೆ ಹೊರಟುಹೋದ.

ಮಧ್ಯಾಹ್ನ ಬೆರಣಿ ಮಾರಲು ಬಂದ ಅವನ ಹೆಂಡತಿಯಿಂದ ನಿಜ ತಿಳಿಯಿತು. "ಕರೂಗೆ ಭೇದಿ ಹತ್ಕೊಂಡಿತ್ತು ಕಣವ್ವಾ. ವಾರವೆಲ್ಲಾ ಒಂದು ತೊಟ್ಟು ಹಾಲು ಮಾರಲಿಲ್ಲ, ಎಲ್ಲಾ ಅದಕ್ಕೇ ಬಿಟ್ಟ. ಬದುಕಲಿಲ್ಲ. ಮಗಾ ಸತ್ತಂಗೆ ಅತ್ತ."

ಚಿಕ್ಕಮ್ಮ ಅವತ್ತು ಊಟಕ್ಕೆ ಏಳಲಿಲ್ಲ. "ನಾಳೆ ಹೋಗಿ ಸಾರಿ ಅಂದುಬಿಡು, ಆಯ್ತು" ಅಂದರು ಚಿಕ್ಕಪ್ಪ.

"ನಿಮ್ಮ ಇಂಗ್ಲಿಷ್ ಸಾಕು. ಕನ್ನಡದಲ್ಲೇ ಕೇಳ್ಕೋತೀನಿ."

ಮಾರನೆಯ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಬೈರಸಂದ್ರಕ್ಕೆ ನಡೆದಳು. ಹಾಲಿನವನು ಜಗಲಿ ಮೇಲೆ ಕೂತಿದ್ದ, ಕೊಟ್ಟಿಗೆ ಖಾಲಿ. "ತಪ್ಪಾಯ್ತು ಕಣಪ್ಪಾ" ಅಂದಳು.

"ಅಯ್ಯೋ, ಬಿಡ್ತು ಅನ್ನಿ ಅವ್ವಾ! ನಂಗೆ ಕ್ವಾಪ ಇಲ್ಲ. ಆದ್ರೆ ಆ ಹಸ ಹುಲ್ಲಿನ ಕರಾನ ನೆಕ್ತಿದ್ರೆ ನಿಮ್ ಮಾತೇ ಕಿವೀಲಿ ಕೇಳ್ತಿತ್ತು. ನೋಡಕ್ಕಾಗ್ಲಿಲ್ಲ, ಹಸಾನ ನೆನ್ನೇನೇ ಮಾರ್ಬುಟ್ಟೆ."

"ಇನ್ನೊಂದು ಕಟ್ಟಪ್ಪಾ."

"ನೋಡಾನ" ಅಂದ. ಕಟ್ಟಲಿಲ್ಲ. ಜಯನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊರಲು ಹೋದ. ಎಲ್ಲಾದರೂ ಎದುರಾದರೆ ಇಟ್ಟಿಗೆ ಇಳಿಸಿ ಕೈಮುಗಿಯುತ್ತಿದ್ದ. ಆ ನಮಸ್ಕಾರಕ್ಕೆ ಹೆದರಿ ಚಿಕ್ಕಮ್ಮ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದಳು.

ಅವತ್ತಿನಿಂದ ಆ ಪದ ನಮ್ಮ ಮನೆ ಬಿಟ್ಟಿತು. ರವಿಕೆ ಕೆಟ್ಟರೂ ಚಿಕ್ಕಮ್ಮ ಸುಮ್ಮನೆ ತೆಗೆದುಕೊಂಡು ಬರುತ್ತಿದ್ದಳು. "ಅಮ್ಮಾವ್ರಿಗೆ ಮೈ ಹುಷಾರಿಲ್ವಾ?" ಅಂತ ದರ್ಜಿ ನನ್ನನ್ನು ಕೇಳುತ್ತಿದ್ದ.

ಕೆಲವು ವರ್ಷಗಳ ಮೇಲೆ ನಿಜವಾಗಿಯೂ ಹುಷಾರು ತಪ್ಪಿತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ನೋಡಿಕೊಳ್ಳಲು ಬಂದೆ. ಬೇಕೆಂದೇ ಎರಡನೇ ಡಿಕಾಕ್ಷನ್ನು ಹಾಕಿ, ಆರಿಸಿ, ಸಕ್ಕರೆ ಮರೆತು ಒಂದು ದರಿದ್ರ ಕಾಫಿ ಮಾಡಿಕೊಟ್ಟೆ. ಒಂದು ಸಲ ಬೈಯಲಿ ಅಂತ ಎಷ್ಟು ಆಸೆ ನನಗೆ!

"ಹೇಗಿದೆ ಚಿಕ್ಕಮ್ಮ?"

"ಚೆನ್ನಾಗಿದೆ ಕಣೇ."

ನನಗೆ ಅಳುವೇ ಬಂತು. ಅವಳು ಲೋಟ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಾ ಕೇಳಿದಳು, "ಅವನು ಮತ್ತೆ ಹಸು ಕಟ್ಟಿದನಂತಾ?"

ಚಿಕ್ಕಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನನಗೆ ಬರುತ್ತೆ. "ಹೂಂ, ಕಟ್ಟಿದ್ದಾನೆ. ಕರುವೂ ಇದೆ."

"ಒಂದು ಮೊಲೆ ಬಿಡ್ತಾನಂತಾ?"

"ಎರಡು ಬಿಡ್ತಾನಂತೆ ಚಿಕ್ಕಮ್ಮ."

"ಹಾಗಾದ್ರೆ ಸರಿ" ಅಂದಳು. ಆ ತಣ್ಣಗಿನ ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.