ಏಳು ತಿಂಗಳಿಗೇ ಬಂದವಳು, ಮಾತಿಗೆ ಮಾತ್ರ ತಡಮಾಡಿದಳು

ಮಗು ಮಾತಾಡದಿದ್ದರೆ ಊರೆಲ್ಲ ಮಾತಾಡುತ್ತೆ. ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದವಳು. ಎರಡು ವರ್ಷ ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಆಗ ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತೆ, ಜೊತೆಗೆ ಮೈಯೂ ಉರಿಯುತ್ತೆ.

ಬಸ್ಸಿನ ತಪ್ಪು

ನಾನು ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಗುಮಾಸ್ತೆ ಕೆಲಸ ಮಾಡಿ ಬರುತ್ತಿದ್ದೆ. ಹೆರಿಗೆ ಬೇಗ ಆದದ್ದಕ್ಕೆ ಅತ್ತೆ ಆವತ್ತೇ ಕಾರಣ ಕಂಡುಹಿಡಿದಿದ್ದರು. ಎರಡು ವರ್ಷ ಆದಮೇಲೆ ಅದನ್ನೇ ಮತ್ತೆ ತೆಗೆದರು. "ಬಸ್ಸಲ್ಲಿ ಕುಲುಕಿಸ್ಕಂಡು ಓಗಿ ಓಗಿ ಹಿಂಗಾಯ್ತು. ಈಗ ಮಾತೂ ಬರ್ನಿಲ್ಲ. ದೀಪಾವಳಿ ಒಳಗೆ ಕೂಸು ಬಾಯಿ ಬುಡದಿದ್ರೆ ನೀನು ಕೆಲ್ಸ ಬುಟ್ಟು ಮನೇಲಿರು" ಅಂದರು.

ನನ್ನ ಗಂಡ ಪೇಪರ್ ಓದುತ್ತಿದ್ದರು. ಇಂಥ ಹೊತ್ತಿನಲ್ಲಿ ಅವರಿಗೆ ಪೇಪರ್ ಬಹಳ ರುಚಿಸುತ್ತಿತ್ತು.

"ನನ್ನ ಪಕ್ಕದಲ್ಲೇ ಕೂತು ಬರ್ತಿದ್ದ ಟೀಚರಮ್ಮನಿಗೆ ಒಂಬತ್ತು ತುಂಬಿ ಹತ್ತು ದಿನ ಆದ್ಮೇಲೆ ಹೆರಿಗೆ ಆಯ್ತಲ್ಲ ಅತ್ತೆ?" ಅಂದೆ.

ಅತ್ತೆ ಒಂದು ಗಳಿಗೆ ಯೋಚಿಸಿದರು. "ಅವಳು ಕಿಟಕಿ ಪಕ್ಕ ಕೂತ್ಕತಿದ್ಲು ಬುಡು."

ಸದ್ದು ಮಾಡಬಾರದು

ಆಸ್ಪತ್ರೆಯಿಂದ ಕಳಿಸುವಾಗ ನರ್ಸು, "ಕೂಸು ಸಣ್ಣದು, ಬೆಚ್ಚಿಬೀಳುತ್ತೆ, ಸ್ವಲ್ಪ ದಿನ ಗಲಾಟೆ ಬೇಡ" ಅಂದಿದ್ದರು. "ಸ್ವಲ್ಪ ದಿನ" ಅನ್ನುವ ಮಾತನ್ನು ಅತ್ತೆ ಆಸ್ಪತ್ರೆಯಲ್ಲೇ ಬಿಟ್ಟು ಬಂದರು.

ಕುಕ್ಕರ್ ಅಟ್ಟ ಸೇರಿತು. ಮಾವನಿಗೆ ಕೆಮ್ಮು ಬಂದರೆ ಬೀದಿಗೆ ಓಡಬೇಕಾಗಿತ್ತು. ಸಾರಿಗೆ ಉಪ್ಪು ಸಾಲದು ಅನ್ನೋಕೆ ನನ್ನ ಗಂಡ ನಾಲಿಗೆ ಚಾಚಿ ಬೆರಳು ಉಜ್ಜಿ ತೋರಿಸುತ್ತಿದ್ದರು. ಯಾರಾದರೂ ಬಾಯಿ ತೆರೆದರೆ ಸಾಕು, ಅತ್ತೆ ತುಟಿಗೆ ಬೆರಳಿಟ್ಟು "ಶ್" ಅನ್ನುತ್ತಿದ್ದರು. ಒಂದೂವರೆ ವರ್ಷ ಹೀಗೇ ನಡೆಯಿತು. ಕೂಸಿನ ಎದುರು ಮನೆಮಂದಿಯೆಲ್ಲ ಮೂಗರ ಹಾಗೆ ಕೈ ಆಡಿಸಿ, ಆಮೇಲೆ ಕೂಸು ಯಾಕೆ ಮಾತಾಡಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತರು.

ಮಗು ಕಲಿತದ್ದೂ ಅದೊಂದನ್ನೇ. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರ್ ಜೋರಾಗಿ ಸೀಟಿ ಊದಿದ. ನನ್ನ ಮಗಳು ತೊಡೆ ಮೇಲೆ ಎದ್ದು ನಿಂತು, ಅವನನ್ನೇ ನೋಡಿ, ತುಟಿಗೆ ಬೆರಳಿಟ್ಟು "ಶ್" ಅಂದಳು.

ಅವನು ಸೀಟಿ ಜೇಬಿಗಿಟ್ಟ. "ಚೆಕಿಂಗ್ ಸಾಹೇಬ್ರು ಅಂತ ಗೊತ್ತಾಗ್ನಿಲ್ಲ ಕಣವ್ವ, ತಪ್ಪಾಯ್ತು."

ಗಿಣಿ ಕಚ್ಚಿದ ಹಣ್ಣು

ಮಾತು ಬರಲಿ ಅಂತ ಅತ್ತೆ ಮೊದಲು ಬಜೆ ತೇದು ಮಗುವಿನ ನಾಲಿಗೆಗೆ ಹಚ್ಚಿದರು. ಮಗು ಮುಖ ಕಿವುಚಿಕೊಂಡು ಅತ್ತೆಯ ಸೀರೆಗೇ ಉಗಿಯಿತು. ಚಾಮರಾಜನಗರ ಜಿಲ್ಲೆ ಆಗುತ್ತೆ, ಆಗುತ್ತೆ ಅಂತ ಆಗ ಎಲ್ಲರೂ ಹೇಳುತ್ತಲೇ ಇದ್ದರು, ಅದೂ ತಡವಾಗುತ್ತಲೇ ಇತ್ತು. ಅದಕ್ಕೆ ಮಾತ್ರ ಯಾರೂ ಬಜೆ ತೇಯಲಿಲ್ಲ.

ಆಮೇಲೆ ಯಾರೋ, ಗಿಣಿ ಕಚ್ಚಿದ ಸೀಬೆಹಣ್ಣು ತಿನ್ನಿಸಿದರೆ ಮಗು ಗಿಣಿ ಹಂಗೆ ಮಾತಾಡುತ್ತೆ ಅಂದರು. ಬಂಡೀಪುರದ ಕಡೆ ಕೆಲಸದಲ್ಲಿದ್ದ ನನ್ನ ಮೈದುನನಿಗೆ ಅತ್ತೆ ಹೇಳಿಕಳಿಸಿದರು. ಕೂತಲ್ಲಿಂದ ಏಳದ ಆ ಮಹಾರಾಯ ಮೂರನೇ ದಿನವೇ ಹಣ್ಣು ಹಿಡಿದು ಬಂದ. ಗಿಣಿಯನ್ನು ಕಾಯುತ್ತಾ ಬಿಸಿಲಲ್ಲಿ ಒಣಗಿಹೋದೆ ಅಂತ ಎರಡು ಲೋಟ ಕಾಫಿ ಕುಡಿದ.

ನಾನು ಹಣ್ಣು ತಿರುಗಿಸಿ ನೋಡಿದೆ. ಕಚ್ಚಿದ ಜಾಗ ಕೆಂಪಗಿತ್ತು. ಗಿಣಿ ಎಲೆಅಡಿಕೆ ಹಾಕುತ್ತಿತ್ತು ಅಂತ ಕಾಣುತ್ತೆ.

ಡಾಕ್ಟರ ಪರೀಕ್ಷೆ

ಇಷ್ಟೆಲ್ಲ ಆಡಿಕೊಂಡರೂ ನನಗೆ ಒಳಗೊಳಗೇ ಭಯವಿತ್ತು. ಇವಳು ಒಂದು ಸಲ "ಅಮ್ಮ" ಅಂದರೆ ಸಾಕು ಅಂತ ಬಸ್ಸಿನಲ್ಲಿ ಅತ್ತದ್ದೂ ಉಂಟು. ಕೊನೆಗೆ ಚಾಮರಾಜನಗರದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅತ್ತೆಯೂ ಬಂದರು.

ಡಾಕ್ಟರು ಮಗುವಿನ ಬೆನ್ನ ಹಿಂದೆ ಗಿಲಕಿ ಅಲ್ಲಾಡಿಸಿದರು. ಮಗು ತಿರುಗಿತು. "ಕಿವಿ ಚೆನ್ನಾಗಿದೆ. ಎರಡು ತಿಂಗಳು ಮುಂಚೆ ಹುಟ್ಟಿದ್ದಾಳೆ, ವಯಸ್ಸಿನಲ್ಲಿ ಎರಡು ತಿಂಗಳು ಕಳೆದು ನೋಡಿ. ಇಂಥ ಕೆಲವು ಮಕ್ಕಳಿಗೆ ಕೇಳಿದ ಮಾತು ಒಳಗಿಳಿದು ಉತ್ತರ ಬರೋಕೆ ಹೊತ್ತು ಹಿಡಿಯುತ್ತೆ. ಎದುರಿಗೆ ಕೂತು ಮಾತಾಡಿ. ಕೇಳಿ, ಆಮೇಲೆ ಕಾಯಿರಿ" ಅಂದರು.

ಹೇಗೆ ಅಂತ ತೋರಿಸೋಕೆ ಅವರೇ ಕೇಳಿದರು: "ಪುಟ್ಟಿ, ಬೊಂಬೆ ಎಲ್ಲಿ?"

"ಅಕ್ಕೋ, ಅಲ್ಲೇ ಅದೆ" ಅಂದರು ಅತ್ತೆ.

"ಕೈಯಲ್ಲೇನಿದೆ ಪುಟ್ಟಿ?"

"ಬಳೆ. ನಾನೇ ತೊಡ್ಸಿದ್ದು" ಅಂದರು ಅತ್ತೆ.

ಡಾಕ್ಟರು ನನ್ನ ಕಡೆ ತಿರುಗಿದರು. "ಇವರಿಗೆ ಮಾತು ಚೆನ್ನಾಗಿ ಬಂದಿದೆ. ಇನ್ನು ಮಗೂಗೆ ಒಂದು ಅವಕಾಶ ಕೊಡಿ."

ದೀಪಾವಳಿಯ ಗಡುವು

ಹಬ್ಬಕ್ಕೆ ನನ್ನ ತವರು ಹರದನಹಳ್ಳಿಯಿಂದ ಡಬ್ಬಿ ತುಂಬ ಕಜ್ಜಾಯ ಬಂತು. ಅತ್ತೆಗೆ ಸಕ್ಕರೆ ಕಾಯಿಲೆ, ಅವರು ಮುಟ್ಟುವ ಹಾಗಿರಲಿಲ್ಲ. ಮಧ್ಯಾಹ್ನ ಮಾವ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಡಬ್ಬಿ ತೆಗೆದರೆ ಅರ್ಧಕ್ಕರ್ಧ ಖಾಲಿ.

"ಯಾರಮ್ಮಿ ಕಜ್ಜಾಯ ತಿಂದೋರು?" ಅಂತ ಮಗುವನ್ನೇ ಕೇಳಿದರು. ಮಗು ಅವರ ಬಾಯನ್ನೇ ನೋಡುತ್ತಾ ಕೂತಿತು.

"ಇಲಿ ತಿಂದಿರ್ತದೆ" ಅಂತ ಅತ್ತೆ ಆ ಮಾತನ್ನು ಅಲ್ಲಿಗೇ ಮುಗಿಸಿ ನನ್ನ ಕಡೆ ತಿರುಗಿದರು. ಗಡುವು ಮುಗಿಯಿತು, ನಾಳೆಯೇ ಕೆಲಸ ಬಿಡುವ ಕಾಗದ ಬರೆದುಕೊಡು ಅಂದರು. ಬಸ್ಸು, ಕುಲುಕಾಟ, ನನ್ನ ಹಟ, ನನ್ನ ತವರು, ಒಂದನ್ನೂ ಬಿಡಲಿಲ್ಲ. ನನ್ನ ಗಂಡ ಪೇಪರ್ ಬಿಡಿಸಿದರು. ಅತ್ತೆ ಉಸಿರೆಳೆದುಕೊಳ್ಳಲು ನಿಲ್ಲಿಸಿದರು.

"ಅಜ್ಜಿ" ಅಂದಳು ನನ್ನ ಮಗಳು.

ಪೇಪರ್ ಕೆಳಗೆ ಬಿತ್ತು.

ಮಾವನ ಪ್ರಶ್ನೆ ಅಷ್ಟು ಹೊತ್ತಿಗೆ ಅವಳ ಒಳಗಿಳಿದಿತ್ತು. "ಅಜ್ಜಿ ತಿಂತು" ಅಂದಳು. ಆಮೇಲೆ, ಕಜ್ಜಾಯ ತಿನ್ನುವಾಗ ಅಜ್ಜಿ ಇವಳಿಗೆ ಹೇಗೆ ಮಾಡಿ ತೋರಿಸಿದ್ದರೋ ಹಾಗೇ, ತುಟಿಗೆ ಬೆರಳಿಟ್ಟು "ಶ್" ಅಂದಳು.

ನಾನು ಅಳುತ್ತಾ ನಗುತ್ತಿದ್ದೆ. ಅತ್ತೆ, "ಇಂಥ ಮಾತ ಇದ್ಕೆ ಕಲ್ಸಿದ್ಯಾರು?" ಅಂತ ಒಳಗೆ ಎದ್ದು ಹೋದರು.

ಮಾವ ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟರು. "ನೀನು ಕೆಲ್ಸ ಬುಡಬ್ಯಾಡ ಕಣವ್ವ. ನಾಳೆ ಈ ಡಬ್ಬಿನೂ ಆಫೀಸಿಗೇ ತಕ್ಕೊಂಡ್ ಓಗು. ಇಲ್ಲಿ ಇಲಿ ಕಾಟ."